ಅಜ್ಜಿ ಕಚ್ಚೀ ಸೀರಿ, ಬೋರ್ಡಿನ್ಯಾಗಿನ ಫ್ರಾಕು

ನಮ್ಮಜ್ಜಿಗೆ ಕನ್ನಡ ಓದಲಿಕ್ಕೆ ಛಲೋ ಬರ್ತಿತ್ತು. ಮಧ್ಯಾಹ್ನ ಊಟ ಆದಮ್ಯಾಲ ಚಾಳೀಸು ಏರಿಸಿಕೊಂಡು ಪೇಪರಿನ ಸಣ್ಣ ಜಾಹೀರಾತು ಸುದ್ದಾ ಬಿಡದ ಓದೋಕಿ. ಇಂಥಾಕಿ ಒಂದ ದಿವಸ ಬೆಂಗಳೂರಾಗ ಎರಡು ಬಾಗಲದ ಮುಂದ ದಿಕ್ಕು ತಪ್ಪಿದವರಂಗ ನಿಂತುಬಿಟ್ಟಿದ್ಲು.

ಅಜ್ಜನ ಕಣ್ಣಿನ ಆಪರೇಶನ್ನಿಗೆ ಹೋಗಿದ್ವಿ. ನನಗ ಆಗ ಹತ್ತು ವರ್ಷ. ದೊಡ್ಡ ದವಾಖಾನಿ. ಅಜ್ಜಿಗೆ ಒಂದಕ್ಕ ಹೋಗಬೇಕಾಗಿತ್ತು. ಎರಡು ಬಾಗಲಾ ಇದ್ವು, ಎರಡರ ಮ್ಯಾಲೂ ಅಕ್ಷರ ಇಲ್ಲ, ಬರೇ ಚಿತ್ರ. ಒಂದು, ಎರಡು ಕಾಲು ಕಾಣೋ ಗೊಂಬಿ. ಇನ್ನೊಂದು, ಸೊಂಟದ ಕೆಳಗ ತ್ರಿಕೋನದಂಗ ಅಗಲಾದ ಗೊಂಬಿ. ಅಜ್ಜಿ ಒಂದ ನಿಮಿಷ ನೋಡಿ ಎರಡು ಕಾಲಿನ ಬಾಗಲಕ್ಕ ಕೈ ಹಚ್ಚಿದ್ಲು. ಒಳಗಿಂದ ಬಂದಾಂವ ಒಬ್ಬ, "ಏನಜ್ಜಿ, ಕಣ್ಣು ಕಾಣಲ್ವಾ?" ಅಂತ ಜೋರಾಗಿ ಅಂದ. ಕೂತವರೆಲ್ಲಾ ನಕ್ಕರು. ನಾನೂ ನಕ್ಕೆ.

ಅಜ್ಜಿ ಇನ್ನೊಂದು ಬಾಗಲಕ್ಕೂ ಹೋಗಲಿಲ್ಲ. ವಾಪಸ್ ಬಂದು ಬೆಂಚಿನ ಮ್ಯಾಲ ಕೂತ್ಲು. ಸಂಜೀತನಾ ಒಂದು ಗುಟುಕು ನೀರು ಕುಡೀಲಿಲ್ಲ. ರಾತ್ರಿ ನನಗ ಹೇಳಿದ್ಲು: "ನಾ ಕಚ್ಚಿ ಹಾಕಿ ಸೀರಿ ಉಡಾಕಿ, ನನ್ನ ಎರಡು ಕಾಲು ಬ್ಯಾರೆ ಬ್ಯಾರೆ ಕಾಣ್ತಾವ. ನಿಮ್ಮಜ್ಜ ಅಲ್ಲೆ ಲುಂಗಿ ಸುತಗೊಂಡು ಮಲಗ್ಯಾರ. ಆ ಅಗಲ ಗೊಂಬಿ ಅವರಂಗ ಇತ್ತು. ನಾ ಏನ ತಪ್ಪ ತಿಳಕೊಂಡೆ ಹೇಳು?"

ಆ ಮ್ಯಾಲ ಅಕಿ ಊರಿಗೆ ಹೊಂಟಾಗೆಲ್ಲಾ ಮುಂಜಾನಿಂದನ ನೀರು ಬಿಟ್ಟುಬಿಡ್ತಿದ್ಲು. ಬಸ್ಸಿನ್ಯಾಗ ಬಾಯಿ ಒಣಗಿಸಿಕೊಂಡು ಕೂಡೋ ಹೆಣ್ಣುಮಕ್ಕಳನ್ನ ನೀವೂ ನೋಡಿರಬೇಕು. ಅಜ್ಜಿ ಪ್ರಶ್ನೆ ಮಾತ್ರ ನನ್ನ ತಲ್ಯಾಗ ಉಳೀತು. ಆ ಗೊಂಬಿ ಯಾರು, ಎಲ್ಲಿಂದ ಬಂದ್ವು?

ಅವು ನಮ್ಮ ಕಡೆ ಹುಟ್ಟಿದವಲ್ಲ. 1964ರಾಗ ಟೋಕಿಯೋದಾಗ ಒಲಿಂಪಿಕ್ಸ್ ನಡೀತು. ಹೊರಗಿಂದ ಬರೋ ಮಂದಿಗೆ ಜಪಾನಿ ಲಿಪಿ ಬರೂದಿಲ್ಲ. ಎಲ್ಲಾರ ಭಾಷಾದಾಗೂ ಬೋರ್ಡು ಬರಸಲಿಕ್ಕೆ ಆಗೂದಿಲ್ಲ. ಅದಕ್ಕ ಕಲಾ ವಿಮರ್ಶಕ ಕತ್ಸುಮಿ ಮಸಾರು ಅವರ ಮುಂದಾಳತ್ವದಾಗ ತರುಣ ಕಲಾವಿದರು ಕೂತು ಆಟಗಳಿಗೆ, ಟೆಲಿಫೋನಿಗೆ, ಶೌಚಾಲಯಕ್ಕ ಚಿತ್ರ ಮಾಡಿದರು. ಜಗತ್ತಿನ ಮಂದಿ ಬಳಸಲಿ ಅಂತ ತಮ್ಮ ಹಕ್ಕನ್ನೂ ಬಿಟ್ಟುಕೊಟ್ಟರು. ದೊಡ್ಡ ಮನಸು, ಖರೆ. ಆದರ ತಲತಲಾಂತರದಿಂದ ಗಂಡಸರೂ ಹೆಂಗಸರೂ ಕಾಲು ಮುಚ್ಚೋಹಂಗ ಕಿಮೋನೋ ಉಟ್ಟ ದೇಶದಾಗನೂ, ಚಿತ್ರದ ಗಂಡಿಗೆ ಪ್ಯಾಂಟು ಬಂತು, ಹೆಣ್ಣಿಗೆ ಸ್ಕರ್ಟು ಬಂತು.

ಹತ್ತು ವರ್ಷದ ಮ್ಯಾಲ, 1974ರಾಗ, ಅಮೆರಿಕಾದ ಸಾರಿಗೆ ಇಲಾಖೆ ವಿಮಾನ ನಿಲ್ದಾಣ, ರೈಲ್ವೆ ಸ್ಟೇಶನ್ನುಗಳಿಗೆ 34 ಚಿಹ್ನೆ ಮಾಡಿಸ್ತು. ಬರೆದವರು ರೋಜರ್ ಕುಕ್ ಮತ್ತು ಡಾನ್ ಶನೋಸ್ಕಿ. 1979ರಾಗ ಅವು 50 ಆದವು. ಇವೂ ಪುಕ್ಕಟ. ಪುಕ್ಕಟ ಸಿಕ್ಕಿದ್ದು ಲಗೂನ ಹರಡತದ. ಓದಲಿಕ್ಕೆ ಬರದವರಿಗೆ ಅನುಕೂಲ ಆಗಲಿ ಅಂತ ಹುಟ್ಟಿದ ಚಿತ್ರ, ಓದಲಿಕ್ಕೆ ಬರ್ತಿದ್ದ ನಮ್ಮಜ್ಜಿಯನ್ನ ಹೊರಗ ನಿಲ್ಲಿಸ್ತು.

ರಸ್ತೆ ಬೋರ್ಡುಗಳ ಕಥಿನೂ ಹಿಂಗ. ಬ್ರಿಟನ್ನಿನ್ಯಾಗ ಸಾಲಿ ಹತ್ರದ ಹಳೇ ಬೋರ್ಡಿನ್ಯಾಗ ಹುಡುಗ ಮುಂದ, ಹುಡುಗಿ ಹಿಂದ ಇದ್ಲು. ಮಾರ್ಗರೆಟ್ ಕಾಲ್ವರ್ಟ್ ಅನ್ನೋ ಕಲಾವಿದೆ ಅದನ್ನ ತಿರುವಿ ಹಾಕಿದರು. ದೊಡ್ಡ ಹುಡುಗಿ ಸಣ್ಣ ಹುಡುಗನ ಕೈ ಹಿಡದು ಕರಕೊಂಡು ಹೋಗೋ ಆ ಚಿತ್ರ 1965ರಿಂದ ಅಲ್ಲಿನ ರಸ್ತೆಗೆ ಬಂತು. ಆದರ ಕಾಮಗಾರಿ ಬೋರ್ಡಿನ್ಯಾಗ ಅವರೂ ಸಲಿಕಿ ಹಿಡದ ಗಂಡಸನ್ನ ಬರೆದರು. ನಮ್ಮಲ್ಲೂ ಆ ಬೋರ್ಡಿನ ಹೆಸರು "ಮೆನ್ ಅಟ್ ವರ್ಕ್". ಖರೇವಂದ್ರ ಬೋರ್ಡು ದಾಟಿ ನಾಕ ಹೆಜ್ಜಿ ಮುಂದ ನೋಡ್ರಿ. ತಲಿಮ್ಯಾಲ ಖಡಿ ತುಂಬಿದ ಬುಟ್ಟಿ ಹೊತ್ತಾಕಿ ಯಾರು? ಕೂಸನ್ನ ಗಿಡದ ನೆರಳಿಗೆ ಜೋಳಗಿ ಕಟ್ಟಿ ಮಲಗಿಸಿ ಬಂದಾಕಿ ಯಾರು? ಅಕಿ ಬೋರ್ಡಿನ್ಯಾಗ ಇಲ್ಲ.

2020ರಾಗ ಮುಂಬೈದ ದಾದರ್ ಕಡೆ ರಸ್ತೆ ದಾಟೋ ಸಿಗ್ನಲ್ಲಿನ್ಯಾಗ ಹೆಣ್ಣಿನ ಗೊಂಬಿ ಹಾಕಿದರು. ಸುದ್ದಿ ಓದಿ ಖುಷಿ ಆತು. ಫೋಟೋ ನೋಡಿದೆ. ಅಲ್ಲೂ ಅದ ಫ್ರಾಕು.

ಹಿಂಗೆಲ್ಲಾ ಮಾತಾಡೋ ನನಗೂ ಹೋದ ತಿಂಗಳ ಪರೀಕ್ಷಾ ಬಂತು. ನಮ್ಮ ಓಣಿ ಗುಡಿಯ ಸಭಾಭವನಕ್ಕ ಹೊಸಾ ಶೌಚಾಲಯ ಕಟ್ಟಿಸಿದರು. ಪೇಂಟರು, "ಅಕ್ಕಾರ, ಯಾವ ಚಿತ್ರ ಬರೀಲಿ?" ಅಂದ. ಕುಂಕುಮ, ಹೆರಳು, ಮೂಗಬಟ್ಟಿನ ಮಾರಿ ಒಂದು. ರುಮಾಲು, ಮೀಸಿ ಮಾರಿ ಒಂದು. ಅವನಿಗೆ ಅದ ರೂಢಿ. ಫ್ರಾಕಿಗಿಂತ ಛಲೋ ಅಂತ ನಾ ಹೂಂ ಅನ್ನಲಿಕ್ಕಿದ್ದೆ. ಬಾಜೂಕ ನನ್ನ ಮಗಳು ನಿಂತಿದ್ಲು, ಜೀನ್ಸು, ಕತ್ತರಿಸಿದ ಕೂದಲಾ. "ಮಮ್ಮಿ, ಇದರಾಗ ನಾ ಎಲ್ಲಿದ್ದೇನಿ?" ಅಂದ್ಲು.

ಅಜ್ಜ ಹೋದಮ್ಯಾಲ ಕುಂಕುಮ ಬಿಟ್ಟ ಅಜ್ಜಿನೂ ನೆನಪಾದ್ಲು. ಆ ಚಿತ್ರದಾಗ ಅಕಿಗೂ ಜಾಗಾ ಇರಲಿಲ್ಲ. ಸೀರಿ ಉಟ್ಟು, ಎಲ್ಲಮ್ಮನ ಹೆಸರು ಹೇಳಿಕೋತ ಬರೋ ಜೋಗಪ್ಪಗಳು ನೆನಪಾದರು. ಯಾವ ಬಾಗಲಕ್ಕ ಹೋದರೂ ಅವರಿಗೆ ಬೈಗಳ. ತೃತೀಯ ಲಿಂಗದವರಿಗೆ ಪ್ರತ್ಯೇಕ ಶೌಚಾಲಯ ಮಾಡ್ರಿ ಅಂತ ಸುಪ್ರೀಂ ಕೋರ್ಟು 2014ರಾಗನ ಹೇಳ್ಯದ.

ಕಡೀಕೆ ಪೇಂಟರಿಗೆ ಹೇಳಿದೆ: "ಹೆಂಗಸರು, ಗಂಡಸರು ಅಂತ ಕನ್ನಡದಾಗ ದೊಡ್ಡದಾಗಿ ಬರಿ. ಕೆಳಗ ನಿನ್ನ ರೂಢಿ ಚಿತ್ರ ಇರಲಿ, ಓದಲಿಕ್ಕೆ ಬರದವರಿಗೆ ಬೇಕು. ಹಿಂದಿನ ಖೋಲಿಗೆ ಬರೇ ಶೌಚಾಲಯ ಅಂತ ಬರಿ, ಗೊಂಬಿ ಬ್ಯಾಡ." ಅಂವ ನನ್ನ ಮಾರಿ ನೋಡಿದ, ಆದರ ಬರದ.

ವಾಸ್ತುಶಾಂತಿ ದಿವಸ ನಮ್ಮ ಅತ್ತಿಯವರು ಬಂದಿದ್ದರು. ಮನಿ ಬಿಟ್ಟು ಹೊರಗ ಎಲ್ಲೂ ನೀರು ಮುಟ್ಟದವರು. ಬಂದಕೂಡ್ಲೆ ಹಿಂದ ಹೋಗಿ ಬಾಗಲಾ ನೋಡಿ ಬಂದರು. ಪಂಕ್ತಿಗೆ ಕೂತು ನೀರು ಕೇಳಿ ಎರಡು ಲೋಟ ಕುಡದರು.