ತಾಯಿಯನ್ನು ಕಾಣಲು ಹಿಡಿದ ಅರ್ಧ ಶತಮಾನ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಅಫೀಮು, ಮಾರ್ಫಿನ್ ಬಿಡಲಾರದವರಲ್ಲಿ ಹೆಂಗಸರೇ ಹೆಚ್ಚಿದ್ದರು. ಮುಟ್ಟಿನ ನೋವಿಗೆ, ನಿದ್ದೆಗೇಡಿಗೆ ವೈದ್ಯರೇ ಬರೆದುಕೊಟ್ಟ ಮದ್ದು ಅದು. ಮಾದಕಗಳಿಗೆ ಲಗಾಮು ಹಾಕಿದ 1914ರ ಹ್ಯಾರಿಸನ್ ಕಾಯ್ದೆಯ ನಂತರ ರೋಗಿಯಾಗಿದ್ದವಳು ಮೆಲ್ಲನೆ ಅಪರಾಧಿಯಾದಳು.

ಮಾದಕ ಬಳಸುವ ಬಸುರಿಯರ ವಿಷಯದಲ್ಲಿ ಗಟ್ಟಿ ಅಧ್ಯಯನ ಬೆಳೆದದ್ದು 1970ರ ದಶಕದ ಫಿಲಡೆಲ್ಫಿಯಾದಲ್ಲಿ. ತಾಯಿಯ ರಕ್ತದ ಮೂಲಕ ಬರುತ್ತಿದ್ದ ಮಾದಕ ಹೆರಿಗೆಯೊಡನೆ ನಿಂತುಹೋದಾಗ ಕೂಸು ನಡುಗುತ್ತದೆ, ಕೀರಲು ದನಿಯಲ್ಲಿ ಅಳುತ್ತದೆ, ಮೊಲೆ ಹಿಡಿಯಲು ಒದ್ದಾಡುತ್ತದೆ. ಈ ಲಕ್ಷಣಗಳಿಗೆ ಅಂಕ ಕೊಡುವ ಪಟ್ಟಿಯನ್ನು ಶಿಶುವೈದ್ಯೆ ಲೊರೆಟ್ಟಾ ಫಿನ್ನೆಗನ್ 1975ರಲ್ಲಿ ಪ್ರಕಟಿಸಿದರು. ಅವರ ಕೇಂದ್ರದಲ್ಲಿ ತಾಯಂದಿರಿಗೆ ಮೆಥಡೋನ್ ಎಂಬ ಬದಲಿ ಔಷಧದ ಜೊತೆ ಬಸಿರಿನ ಆರೈಕೆ, ಆಪ್ತಸಲಹೆ ಎಲ್ಲವೂ ಸಿಗುತ್ತಿತ್ತು. ಆದರೆ ಬೇರೆ ಆಸ್ಪತ್ರೆಗಳು ಹೆಚ್ಚಾಗಿ ಕೈಗೆತ್ತಿಕೊಂಡದ್ದು ಅಂಕಪಟ್ಟಿಯನ್ನು ಮಾತ್ರ. ಮುಂದಿನ ದಶಕಗಳ ಕುರುಡು ಇಲ್ಲಿಂದಲೇ ಶುರುವಾಯಿತೆಂದು ನನ್ನ ನಂಬಿಕೆ: ಮಗು ಕಣ್ಣಿಗೆ ಬಿತ್ತು, ಹೆತ್ತವಳು ಬೀಳಲಿಲ್ಲ.

ಕಂಡಾಗಲೂ ಕಂಡದ್ದು ಪೊಲೀಸರ ಕಣ್ಣಲ್ಲಿ. ಚಾರ್ಲ್‌ಸ್ಟನ್ ನಗರದ ಸಾರ್ವಜನಿಕ ಆಸ್ಪತ್ರೆಯೊಂದು 1989ರಿಂದ ಗರ್ಭಿಣಿಯರ ಮೂತ್ರದಲ್ಲಿ ಕೊಕೇನ್ ಹುಡುಕಿ ವರದಿಯನ್ನು ಪೊಲೀಸರಿಗೆ ಕೊಡತೊಡಗಿತು. ಬಂಧಿತರಲ್ಲಿ ಬಹುತೇಕರು ಕಪ್ಪುವರ್ಣೀಯ ಬಡ ಹೆಂಗಸರು. ಒಪ್ಪಿಗೆಯಿಲ್ಲದ ಇಂಥ ತಪಾಸಣೆ ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಆದರೂ 2014ರಲ್ಲಿ ಟೆನೆಸ್ಸೀ ರಾಜ್ಯ, ನೋವುಶಾಮಕ ಗುಳಿಗೆ ಮತ್ತು ಹೆರಾಯಿನ್ ಹಾವಳಿಯ ನಡುವೆ, ಬಸಿರಲ್ಲಿ ಮಾದಕ ಬಳಸಿದ ತಾಯಂದಿರ ಮೇಲೆ ಹಲ್ಲೆಯ ಮೊಕದ್ದಮೆ ಹೂಡುವ ಕಾನೂನು ತಂದಿತು. ಎರಡು ವರ್ಷಕ್ಕೆ ಅದರ ಅವಧಿ ಮುಗಿಯಿತು. ಭಯ ಮುಗಿಯಲಿಲ್ಲ. ಮಗುವನ್ನು ಕಿತ್ತುಕೊಂಡುಬಿಡುತ್ತಾರೆಂಬ ಅಂಜಿಕೆಯಿಂದ ತಪಾಸಣೆಗೇ ಹೋಗದೆ ಉಳಿಯುವವರ ಕಥೆ ಈ ಕ್ಷೇತ್ರದ ಬರಹಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಆ ಬದುಕನ್ನು ಹತ್ತಿರದಿಂದ ಕಂಡವರು ಸಮಾಜವಿಜ್ಞಾನಿಗಳು. ಶೀಗ್ಲಾ ಮರ್ಫಿ, ಮಾರ್ಷಾ ರೋಸೆನ್‌ಬಾಮ್ 1999ರಲ್ಲಿ, ಕೆಲ್ಲಿ ರೇ ನೈಟ್ 2015ರಲ್ಲಿ ಪ್ರಕಟಿಸಿದ ಪುಸ್ತಕಗಳಲ್ಲಿ ಆ ಹೆಂಗಸರೇ ಮಾತಾಡುತ್ತಾರೆ. ಬಾಲ್ಯದಿಂದ ಬೆನ್ನುಹತ್ತಿದ ಹಿಂಸೆ, ಹೊಡೆಯುವ ಸಂಗಾತಿ, ನೆಲೆಯಿಲ್ಲದ ಬದುಕು. ನೈಟ್ ಬರೆದ ಸ್ಯಾನ್ ಫ್ರಾನ್ಸಿಸ್ಕೋದ ಬಸುರಿಯರು ದಿನಬಾಡಿಗೆಯ ಹೋಟೆಲ್ ಕೋಣೆಗಳಲ್ಲಿದ್ದರು. ಇವತ್ತಿನ ಬಾಡಿಗೆ ಹೊಂದಿಸುವುದೇ ಇವತ್ತಿನ ಚಿಂತೆ. 2011ರ ಒಂದು ಅಧ್ಯಯನದಲ್ಲಿ, ಒಪಿಯಾಯ್ಡ್ (ಅಫೀಮಿನ ಬಗೆಯ ಮಾದಕ) ಬಳಸುತ್ತಿದ್ದ ಗರ್ಭಿಣಿಯರಲ್ಲಿ ಶೇ. 86ರಷ್ಟು ಗರ್ಭಗಳು ಯೋಜಿಸದೆ ಬಂದವು.

ಬಸಿರಲ್ಲಿ ಮಾದಕವನ್ನು ಥಟ್ಟನೆ ಬಿಡಿಸಿದರೆ ಆಕೆ ಮತ್ತೆ ಅದಕ್ಕೇ ಮರಳುವ, ಪ್ರಮಾಣ ಮೀರಿ ಸಾಯುವ ಅಪಾಯ ದೊಡ್ಡದು. ಅದಕ್ಕೇ ಬದಲಿ ಔಷಧ. 175 ಗರ್ಭಿಣಿಯರೊಂದಿಗೆ ಆರಂಭವಾಗಿ 2010ರಲ್ಲಿ ಪ್ರಕಟವಾದ ಪ್ರಯೋಗವೊಂದು, ಮೆಥಡೋನ್ ಪಡೆದವರ ಕೂಸುಗಳಿಗಿಂತ ಬ್ಯುಪ್ರೆನಾರ್ಫಿನ್ ಪಡೆದವರ ಕೂಸುಗಳಿಗೆ, ಲಕ್ಷಣ ತಗ್ಗಿಸಲು ಕೊಡುವ ಮಾರ್ಫಿನ್ ಶೇ. 89ರಷ್ಟು ಕಡಿಮೆ ಸಾಕಾಯಿತೆಂದು ತೋರಿಸಿತು. ಆದರೆ ಮೆಥಡೋನ್ ತಾಯಂದಿರಿಗಿಂತ ಹೆಚ್ಚು ಮಂದಿ ಬ್ಯುಪ್ರೆನಾರ್ಫಿನ್ ತಾಯಂದಿರು ನಡುವೆಯೇ ಪ್ರಯೋಗ ಬಿಟ್ಟುಹೋದರು.

ಅಷ್ಟರಲ್ಲಿ ಕೆನಡಾದ ವ್ಯಾಂಕೂವರ್ ಬೇರೆ ದಾರಿ ಹಿಡಿದಿತ್ತು. ಅಲ್ಲಿನ ಫರ್ ಸ್ಕ್ವೇರ್ ವಾರ್ಡಿನಲ್ಲಿ ಕೂಸನ್ನು ತಾಯಿಯ ಪಕ್ಕದಲ್ಲೇ ಇರಿಸಿದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗ್ರಾಸ್‌ಮನ್ ಮತ್ತು ಸಂಗಡಿಗರು ಅಂಕಪಟ್ಟಿಯನ್ನೇ ಬದಿಗಿಟ್ಟು ಮೂರೇ ಪ್ರಶ್ನೆ ಕೇಳಿದರು: ಮಗು ಹಾಲು ಕುಡಿಯುತ್ತಿದೆಯೇ, ನಿದ್ದೆ ಮಾಡುತ್ತಿದೆಯೇ, ಎತ್ತಿಕೊಂಡರೆ ಸುಮ್ಮನಾಗುತ್ತದೆಯೇ? ಯೇಲ್‌ನಲ್ಲಿ ಕೂಸಿನ ಆಸ್ಪತ್ರೆವಾಸ ಸರಾಸರಿ 22.4 ದಿನದಿಂದ 5.9ಕ್ಕೆ ಇಳಿಯಿತು. 26 ಆಸ್ಪತ್ರೆಗಳ 2023ರ ಪ್ರಯೋಗದಲ್ಲೂ ಮಗು ಮನೆಗೆ ಹೋಗಲು ಸಿದ್ಧವಾಗುವ ಅವಧಿ 14.9 ದಿನದಿಂದ 8.2ಕ್ಕೆ ತಗ್ಗಿತು. ದೂರವಿಡಬೇಕೆಂದುಕೊಂಡಿದ್ದ ಆ ತಾಯಿಯ ಮಡಿಲೇ ಮೊದಲ ಚಿಕಿತ್ಸೆಯಾಯಿತು.

ಮಗು ಮನೆಗೆ ಹೋದ ಮೇಲಿನ ಆಕೆಯ ಸ್ಥಿತಿಯತ್ತ ಗಮನ ಹರಿದದ್ದು ತೀರ ತಡವಾಗಿ. ಮ್ಯಾಸಚೂಸೆಟ್ಸ್‌ನ 2018ರ ವಿಶ್ಲೇಷಣೆಯ ಪ್ರಕಾರ ಮಾದಕದ ಪ್ರಮಾಣ ಮೀರುವ ಅಪಾಯ ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಅತಿ ಕಡಿಮೆ. ಹೆರಿಗೆಯಾದ ಏಳರಿಂದ ಹನ್ನೆರಡನೆಯ ತಿಂಗಳಲ್ಲಿ ಅತಿ ಹೆಚ್ಚು. ಬಡ ಬಾಣಂತಿಯರಿಗೆ ಮೆಡಿಕೇಡ್ ಎಂಬ ಸರ್ಕಾರಿ ವಿಮೆಯ ರಕ್ಷಣೆ ಕಡ್ಡಾಯವಾಗಿದ್ದದ್ದು ಹೆರಿಗೆಯ ನಂತರದ 60 ದಿನಕ್ಕೆ. ಅದನ್ನು ಒಂದು ವರ್ಷಕ್ಕೆ ವಿಸ್ತರಿಸುವ ಹೊಸ ಅವಕಾಶ ರಾಜ್ಯಗಳಿಗೆ ದೊರೆತದ್ದು 2022ರಲ್ಲಿ.