ನಂದಿ ಹಾಲ್ಟ್ ರೈಲು ನಿಲ್ದಾಣದ ಹಳೆಯ ಕಟ್ಟಡ: ಇತಿಹಾಸ ಹಾಗೂ ಸಾರ್ವಜನಿಕರಿಗೆ ಮಾಹಿತಿ

ಚಿಕ್ಕಬಳ್ಳಾಪುರ ತಾಲ್ಲೂಕಿನ ನಂದಿ ಗ್ರಾಮದ ಸಮೀಪದಲ್ಲಿರುವ ನಂದಿ ಹಾಲ್ಟ್ ನಿಲ್ದಾಣದ ಹಳೆಯ ಕಟ್ಟಡವು ಯಲಹಂಕ–ಚಿಕ್ಕಬಳ್ಳಾಪುರ ಲಘು ರೈಲು ಮಾರ್ಗದ ಆರಂಭ ಕಾಲಕ್ಕೆ ಸೇರಿದುದಾಗಿದೆ. ಸದರಿ ಮಾರ್ಗವು 1915ರಲ್ಲಿ ಸಂಚಾರಕ್ಕೆ ತೆರೆಯಲ್ಪಟ್ಟಿತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರಾಗಿದ್ದರು (1912–1918). ಅವರ ಹುಟ್ಟೂರಾದ ಮುದ್ದೇನಹಳ್ಳಿಯೂ ಇದೇ ಸೀಮೆಯಲ್ಲಿದೆ.

ಹಳಿಗಳ ನಡುವಣ ಅಂತರ ಕೇವಲ 2 ಅಡಿ 6 ಅಂಗುಲ (762 ಮಿ.ಮೀ.) ಇದ್ದು, ಬಂಡಿಗಳು ಚಿಕ್ಕವು, ವೇಗವೂ ಕಡಿಮೆ. ನಿಲ್ದಾಣಗಳೂ ಅದಕ್ಕೆ ತಕ್ಕಂತೆ ಚಿಕ್ಕವಾಗಿಯೇ ನಿರ್ಮಾಣಗೊಂಡವು: ಕಲ್ಲಿನ ಗೋಡೆ, ಮರದ ತೊಲೆಗಳ ಮೇಲೆ ಇಳಿಜಾರಾದ ಮಂಗಳೂರು ಹೆಂಚಿನ ಮಾಡು. ದೊಡ್ಡಜಾಲ, ದೇವನಹಳ್ಳಿ ಹಾಗೂ ಆವತಿಹಳ್ಳಿ ನಿಲ್ದಾಣಗಳು ಇದೇ ಸಾಲಿನವು.

1990ರ ದಶಕದಲ್ಲಿ ಚಿಕ್ಕಬಳ್ಳಾಪುರದವರೆಗಿನ ಮಾರ್ಗವು 1676 ಮಿ.ಮೀ. ಬ್ರಾಡ್ ಗೇಜ್‌ಗೆ ಪರಿವರ್ತನೆಗೊಂಡಿತು. ಶಿಡ್ಲಘಟ್ಟ, ಚಿಂತಾಮಣಿ ಮೂಲಕ ಕೋಲಾರಕ್ಕೆ ಸಾಗುವ ಮುಂದಿನ ಭಾಗದ ಪರಿವರ್ತನೆ 2013ರಲ್ಲಿ ಪೂರ್ಣಗೊಂಡಿತು. ಹಳಿ, ಬಂಡಿ ಎಲ್ಲವೂ ಬದಲಾದವು. ಕಿರು ಮಾರ್ಗದ ಕುರುಹಾಗಿ ಉಳಿದಿರುವುದು ಮುಖ್ಯವಾಗಿ ಈ ಕಟ್ಟಡಗಳೇ. ಅವುಗಳ ಮಹತ್ವ ಇರುವುದು ಅಲಂಕಾರದಲ್ಲಿ ಅಲ್ಲ, ಈ ಕಾರಣದಲ್ಲಿ.

ಇಂತಹ ಕಟ್ಟಡಗಳಿಗೆ ಬಳಕೆಗಿಂತ ಬಳಕೆಯಿಲ್ಲದಿರುವಿಕೆಯೇ ಹೆಚ್ಚು ಹಾನಿಕರ. ಒಂದೆರಡು ಹೆಂಚು ಜಾರಿದರೂ ಮಳೆನೀರು ತೊಲೆಗೆ ಇಳಿದು ಮರ ಕೊಳೆಯುತ್ತದೆ. ಗೋಡೆಯ ಸಂದಿನಲ್ಲಿ ಅರಳಿ, ಆಲದ ಸಸಿಗಳು ಬೇರೂರುತ್ತವೆ. ದುರಸ್ತಿಗೆ ಸಿಮೆಂಟ್ ಬಳಸಿದಲ್ಲಿ ತೇವಾಂಶವು ಒಳಗೇ ಉಳಿದು ಹಳೆಯ ಗೋಡೆ ಶಿಥಿಲಗೊಳ್ಳುವುದರಿಂದ ಸುಣ್ಣದ ಗಾರೆಯನ್ನೇ ಬಳಸುವುದು ಸೂಕ್ತ. ಮೇಲ್ಕಂಡ ನಾಲ್ಕೂ ನಿಲ್ದಾಣಗಳ ಪುನರುಜ್ಜೀವನ ಕಾರ್ಯವನ್ನು ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕವು ರೈಲ್ವೆಯ ಸಹಯೋಗದೊಂದಿಗೆ ಕೈಗೆತ್ತಿಕೊಂಡಿತು.

ಅರ್ಜಿದಾರರ ಗಮನಕ್ಕೆ: ಕಟ್ಟಡ ಹಾಗೂ ಆವರಣವು ರೈಲ್ವೆಯ ಸ್ವತ್ತಾಗಿರುತ್ತದೆ. ಚಲನಚಿತ್ರ ಚಿತ್ರೀಕರಣ, ಅಳತೆ ನಕ್ಷೆ ತಯಾರಿಕೆ ಮುಂತಾದವುಗಳಿಗೆ ಅನುಮತಿ ಕೋರುವವರು ನೈಋತ್ಯ ರೈಲ್ವೆಗೆ ಅರ್ಜಿ ಸಲ್ಲಿಸತಕ್ಕದ್ದು. ಮಾಹಿತಿ ಹಕ್ಕು ಅಧಿನಿಯಮ 2005ರಡಿಯ ಅರ್ಜಿಯನ್ನು ರಾಜ್ಯ ಸರ್ಕಾರದ ಕಛೇರಿಗೆ ನೀಡಿದಲ್ಲಿ, ಪ್ರಕರಣ 6(3)ರನ್ವಯ 5 ದಿನಗಳೊಳಗೆ ರೈಲ್ವೆಗೆ ವರ್ಗಾಯಿಸಬೇಕಾಗುತ್ತದೆ. ನೇರವಾಗಿ ಸಲ್ಲಿಸಿದಲ್ಲಿ ಅರ್ಜಿದಾರರಿಗೆ ಕಾಲ ಉಳಿಯುತ್ತದೆ. ಈ ಮಾರ್ಗದಲ್ಲಿ ಈಗಲೂ ರೈಲುಗಳು ಸಂಚರಿಸುತ್ತಿರುವುದರಿಂದ, ಕಟ್ಟಡ ವೀಕ್ಷಣೆಗೆ ಬರುವವರು ಹಳಿಗಳನ್ನು ದಾಟಕೂಡದು. ಅನುಮತಿಯಿಲ್ಲದೆ ದಾಟುವುದು ರೈಲ್ವೆ ಅಧಿನಿಯಮ 1989ರ ಪ್ರಕರಣ 147ರಡಿ ಅಪರಾಧವಾಗಿದೆ.