ರೇಡಿಯೋದಲ್ಲಿ ಬಂದ ಪ್ರೋಗ್ರಾಮುಗಳು: ಬೇಸಿಕೋಡ್ ಕಥೆ

1980ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಓಎಸ್‌ನ ‘ಹಾಬಿಸ್ಕೂಪ್’ ಎಂಬ ರೇಡಿಯೋ ಕಾರ್ಯಕ್ರಮದಲ್ಲಿ ಮಾತಿನ ನಡುವೆ ಕಿವಿ ಕೊರೆಯುವಂಥ ಕಿರ್ರೆಂಬ ಸದ್ದು ಬರುತ್ತಿತ್ತು. ರೇಡಿಯೋ ಕೆಟ್ಟಿರಲಿಲ್ಲ. ಆ ಸದ್ದನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟು, ಆಮೇಲೆ ಕ್ಯಾಸೆಟ್ಟನ್ನು ಮನೆಯ ಕಂಪ್ಯೂಟರಿಗೆ ಕೇಳಿಸಿದರೆ ತೆರೆಯ ಮೇಲೆ ಒಂದು ಆಟವೋ ಲೆಕ್ಕದ ಪ್ರೋಗ್ರಾಮೋ ತೆರೆದುಕೊಳ್ಳುತ್ತಿತ್ತು.

ಇದು ಪವಾಡವೇನಲ್ಲ. ಆ ಕಾಲದ ಮನೆ ಕಂಪ್ಯೂಟರುಗಳು ಪ್ರೋಗ್ರಾಮುಗಳನ್ನು ಹಾಡು ಕೇಳುವ ಮಾಮೂಲಿ ಕ್ಯಾಸೆಟ್ಟಿನಲ್ಲೇ ಉಳಿಸಿಕೊಳ್ಳುತ್ತಿದ್ದವು. ಕ್ಯಾಸೆಟ್ಟಿನಲ್ಲಿ ಇರುವುದು ಸದ್ದು. ಸದ್ದನ್ನು ದೂರಕ್ಕೆ ಮುಟ್ಟಿಸುವುದು ರೇಡಿಯೋದ ಕಸುಬು. ಕಷ್ಟ ಇದ್ದದ್ದು ಬೇರೊಂದು ಪ್ರಶ್ನೆಯಲ್ಲಿ: ಪ್ರಸಾರ ಮಾಡುವುದು ಯಾವ ಕಂಪ್ಯೂಟರಿನ ಸದ್ದನ್ನು?

1977ರಲ್ಲಿ ಆಪಲ್ 2, ಕೊಮೊಡೋರ್ ಪೆಟ್, ಟಿಆರ್‌ಎಸ್-80 ಈ ಮೂರೂ ಮಾರುಕಟ್ಟೆಗೆ ಬಂದವು. ಮುಂದಿನ ಐದಾರು ವರ್ಷಗಳಲ್ಲಿ ಇನ್ನೂ ಹತ್ತಾರು ಬಂದವು. ಹೆಚ್ಚುಕಡಿಮೆ ಎಲ್ಲವೂ ಮಾತಾಡುತ್ತಿದ್ದದ್ದು ಬೇಸಿಕ್ ಎಂಬ ಒಂದೇ ಪ್ರೋಗ್ರಾಮಿಂಗ್ ಭಾಷೆ. ಆದರೂ ಒಂದರ ಕ್ಯಾಸೆಟ್ಟು ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಅಡ್ಡಿ ಮೂರು ಹಂತದಲ್ಲಿತ್ತು.

ಮೊದಲನೆಯದು ಉಚ್ಚಾರಣೆ. ಸೊನ್ನೆಗೆ ಯಾವ ಸದ್ದು, ಒಂದಕ್ಕೆ ಯಾವ ಸದ್ದು ಎಂಬುದನ್ನು ಪ್ರತಿ ಕಂಪನಿ ತನಗೆ ತೋಚಿದಂತೆ ತೀರ್ಮಾನಿಸಿಕೊಂಡಿತ್ತು. ಎರಡನೆಯದು ಬರವಣಿಗೆ. ಜಾಗ ಉಳಿಸಲು ಬೇಸಿಕ್ ತನ್ನ ಪದಗಳನ್ನು ಅಕ್ಷರ ಅಕ್ಷರವಾಗಿ ಇಡುವುದಿಲ್ಲ, ಒಂದೊಂದು ಪದಕ್ಕೆ ಒಂದೊಂದು ಅಂಕಿ ಕೊಡುತ್ತದೆ. ‘ಪ್ರಿಂಟ್’ ಎಂಬ ಪದ ಕೊಮೊಡೋರ್‌ನಲ್ಲಿ 153, ಆಪಲ್‌ಸಾಫ್ಟ್ ಬೇಸಿಕ್‌ನಲ್ಲಿ 186, ಸಿಂಕ್ಲೇರ್ ಸ್ಪೆಕ್ಟ್ರಂನಲ್ಲಿ 245. ಮೊದಲೆರಡೂ ಮೈಕ್ರೋಸಾಫ್ಟ್ ಬರೆದ ಬೇಸಿಕ್‌ನಿಂದಲೇ ಹುಟ್ಟಿದ ಅಕ್ಕತಂಗಿಯರು ಎಂಬುದನ್ನು ಗಮನಿಸಿ. ಮೂರನೆಯದು ಆಡುನುಡಿಯ ಭೇದ. ತೆರೆಯನ್ನು ಒರೆಸಿ ಖಾಲಿ ಮಾಡಲು ಟಿಆರ್‌ಎಸ್-80ಗೆ ‘ಸಿಎಲ್‌ಎಸ್’ ಎನ್ನಬೇಕು, ಆಪಲ್‌ಗೆ ‘ಹೋಮ್’ ಎನ್ನಬೇಕು, ಪೆಟ್‌ಗಾದರೆ ಅಂಥ ಪದವೇ ಇಲ್ಲ, ವಿಶೇಷ ಅಕ್ಷರವೊಂದನ್ನು ಪ್ರಿಂಟ್ ಮಾಡಬೇಕು.

ಹಾಬಿಸ್ಕೂಪ್ ತಂಡ ಮೊದಮೊದಲು ಬೇರೆಬೇರೆ ಯಂತ್ರಗಳಿಗೆ ಬೇರೆಬೇರೆಯಾಗಿ ಪ್ರಸಾರ ಮಾಡಿತು. ಒಬ್ಬರ ಪಾಲಿನ ಪ್ರೋಗ್ರಾಮು ಬರುವಾಗ ಉಳಿದವರಿಗೆಲ್ಲ ಬರೀ ಗದ್ದಲ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿಕೊಳ್ಳೋಣವೆಂದರೆ, ನಾಲ್ಕು ಯಂತ್ರಗಳಿಗೆ 12 ಪರಿವರ್ತಕಗಳು ಬೇಕು, ಇಪ್ಪತ್ತು ಯಂತ್ರಗಳಿಗೆ 380. ನಡುವೆ ಎಲ್ಲರಿಗೂ ಸಲ್ಲುವ ಒಂದು ಭಾಷೆ ಇಟ್ಟುಕೊಂಡರೆ ಪ್ರತಿ ಯಂತ್ರವೂ ತನ್ನ ಭಾಷೆಯ ಜೊತೆ ಆ ಒಂದನ್ನು ಕಲಿತರೆ ಸಾಕು. ಹೀಗೆ ಹುಟ್ಟಿದ್ದು ಬೇಸಿಕೋಡ್. ಅದನ್ನು ಕಂಪ್ಯೂಟರುಗಳ ಎಸ್ಪೆರಾಂಟೊ ಎಂದು ಕರೆದವರೂ ಉಂಟು.

ಉಚ್ಚಾರಣೆಯ ತೊಡಕಿಗೆ ಅದರ ಉತ್ತರ ಸರಳ. ಸೊನ್ನೆಗೆ 1200 ಹರ್ಟ್ಸ್‌ನ ಒಂದು ಅಲೆ, ಒಂದಕ್ಕೆ 2400 ಹರ್ಟ್ಸ್‌ನ ಎರಡು ಅಲೆ. ಸೆಕೆಂಡಿಗೆ ನೂರಕ್ಕಿಂತ ತುಸು ಹೆಚ್ಚು ಅಕ್ಷರ ಹೋಗುತ್ತಿದ್ದವು. ಬರವಣಿಗೆಯ ತೊಡಕಿಗೆ: ಯಾರ ಅಂಕಿಯೂ ಬೇಡ, ಪದಗಳನ್ನು ಅಕ್ಷರ ಅಕ್ಷರವಾಗಿಯೇ ಕಳಿಸಿ. ಕೊನೆಗೊಂದು ತಾಳೆ ನೋಡುವ ಅಂಕಿ ಇರುತ್ತಿತ್ತು. ಅದು ಹೊಂದದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ. ಆದರೆ ಫೋನ್ ತಂತಿಯಲ್ಲಾದರೆ ‘ಇನ್ನೊಮ್ಮೆ ಹೇಳು’ ಎನ್ನಬಹುದು, ರೇಡಿಯೋಗೆ ಹಾಗೆನ್ನಲು ಬಾರದು.

ಮೂರನೆಯ ತೊಡಕಿಗೆ ಎರಡನೆಯ ಆವೃತ್ತಿಯಲ್ಲಿ ಕಂಡುಕೊಂಡ ಉಪಾಯವೇ ಬೇಸಿಕೋಡ್‌ನ ಜೀವಾಳ. ಬೇಸಿಕ್‌ನಲ್ಲಿ ಪ್ರತಿ ಸಾಲಿಗೂ ಒಂದು ಸಂಖ್ಯೆ ಇರುತ್ತದೆ. ಪ್ರಸಾರವಾಗುವ ಪ್ರೋಗ್ರಾಮು 1000ನೇ ಸಾಲಿನಿಂದಲೇ ಶುರುವಾಗಬೇಕೆಂದು ನಿಯಮ ಮಾಡಿದರು. ಸಾವಿರದ ಕೆಳಗಿನ ಜಾಗ ಆಯಾ ಯಂತ್ರದ ಸ್ವಂತ ಮನೆ. ತೆರೆ ಒರೆಸಬೇಕಾದಾಗ ಪ್ರೋಗ್ರಾಮು ಯಾವ ಯಂತ್ರದ ಪದವನ್ನೂ ಬಳಸದೆ ‘ಗೋಸಬ್ 100’ ಎನ್ನುತ್ತದೆ. ಅಂದರೆ, ನೂರನೇ ಸಾಲಿಗೆ ಹೋಗಿ ಅಲ್ಲಿ ಹೇಳಿದ ಕೆಲಸ ಮುಗಿಸಿಕೊಂಡು ಬಾ. ನೂರನೇ ಸಾಲಿನಲ್ಲಿ ಆಪಲ್‌ನವರು ‘ಹೋಮ್’ ಎಂದು ಬರೆದುಕೊಂಡಿರಲಿ, ಟಿಆರ್‌ಎಸ್-80ರವರು ‘ಸಿಎಲ್‌ಎಸ್’ ಎಂದಿರಲಿ, ಹೊರಗಿನವರಿಗೆ ಸಂಬಂಧವಿಲ್ಲ. ಈ ಮನೆಭಾಗವನ್ನು ಪ್ರತಿ ಯಂತ್ರಕ್ಕೂ ಯಾರಾದರೂ ಒಂದು ಸಲ ಕೂತು ಬರೆಯಬೇಕಿತ್ತು. ಆಮೇಲೆ ಆ ಯಂತ್ರವುಳ್ಳ ಎಲ್ಲರಿಗೂ ಎಲ್ಲ ಪ್ರೋಗ್ರಾಮುಗಳೂ ದಕ್ಕುತ್ತಿದ್ದವು.

ಇದಕ್ಕೆ ತೆತ್ತ ಬೆಲೆಯೂ ಇತ್ತು. ಎರಡನೆಯ ಬೇಸಿಕೋಡ್‌ನಲ್ಲಿ ಚಿತ್ರ, ಬಣ್ಣಗಳಿಗೆ ಜಾಗವಿರಲಿಲ್ಲ. ಒಂದು ಯಂತ್ರಕ್ಕೆ ಗೊತ್ತಿದ್ದು ಇನ್ನೊಂದಕ್ಕೆ ಗೊತ್ತಿಲ್ಲದ ಯಾವ ಜಾಣತನವನ್ನೂ ಬಳಸುವಂತಿರಲಿಲ್ಲ. ಕೊಮೊಡೋರ್ 64ರ ಸಂಗೀತಕ್ಕೆ, ಅದರ ಓಡಾಡುವ ಚಿತ್ರಗಳಿಗೆ ಮನಸೋತವನಿಗೆ ಬೇಸಿಕೋಡ್ ಆಟ ಸಪ್ಪೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆಮೇಲಿನ ಆವೃತ್ತಿಗಳಲ್ಲಿ ಚಿತ್ರ, ಸದ್ದು, ಬಣ್ಣ ಒಂದೊಂದಾಗಿ ಬಂದವು.

ಆದರೂ ಅದು ದೇಶದ ಗಡಿ ದಾಟಿತು. ಬ್ರಿಟನ್ನಿನಲ್ಲಿ ಬಿಬಿಸಿ ರೇಡಿಯೋ 4ರ ‘ಚಿಪ್ ಶಾಪ್’ ಕಾರ್ಯಕ್ರಮ ಬೇಸಿಕೋಡ್ ಪ್ರಸಾರ ಮಾಡಿತು. ದಶಕದ ಕೊನೆಗೆ ಪೂರ್ವ ಜರ್ಮನಿಯ ರೇಡಿಯೋದಲ್ಲೂ ಬಂತು. ಅಲ್ಲಿ ಪ್ರೋಗ್ರಾಮುಗಳನ್ನು ಗ್ರಾಮಫೋನ್ ತಟ್ಟೆಯಲ್ಲಿ ಅಚ್ಚೊತ್ತಿ ಪುಸ್ತಕದ ಜೊತೆ ಕೊಟ್ಟದ್ದೂ ಉಂಟು. ಕೆಸಿ 85ರಂಥ ಅಲ್ಲಿನ ಯಂತ್ರಗಳಿಗೆ ಹೊರದೇಶದಲ್ಲಿ ಯಾರೂ ಪ್ರೋಗ್ರಾಮು ಬರೆಯುತ್ತಿರಲಿಲ್ಲ. ಶೀತಲ ಸಮರದ ಗೋಡೆಯ ಆ ಬದಿಯಲ್ಲಿ ಕೂತವನಿಗೆ ಡಚ್ಚನೊಬ್ಬ ಬರೆದ ಪ್ರೋಗ್ರಾಮು ಹಾಗೇ ಓಡುತ್ತದೆಂದರೆ, ಸಪ್ಪೆಯೋ ಖಾರವೋ ಎಂಬ ಚರ್ಚೆ ಆಮೇಲಿನದು.

ಅನುವಾದ ಮಾಡಿ ಬದುಕುವ ನನಗೆ ಈ ಕಥೆ ಹತ್ತಿರವಾಗುವುದು ಇಲ್ಲಿ. ಕಡತ ತಲುಪುವುದು ಬೇರೆ, ಅರ್ಥ ತಲುಪುವುದು ಬೇರೆ. ಕನ್ನಡದಲ್ಲಿ ಇದನ್ನು ನಾವು ತಡವಾಗಿ ಅನುಭವಿಸಿದೆವು. 1990ರ ದಶಕದ ಹೊತ್ತಿಗೆ ಎಲ್ಲರ ಮೇಜಿನ ಮೇಲೂ ಒಂದೇ ಬಗೆಯ ಪಿಸಿ, ಒಂದೇ ವಿಂಡೋಸ್. ಆದರೆ ಒತ್ತಕ್ಷರ, ಕೊಂಬು, ದೀರ್ಘಗಳಿಗೆ ಒಂದೊಂದು ಫಾಂಟು ಒಂದೊಂದು ಅಂಕಿ ಕೊಟ್ಟಿತ್ತು. ಶ್ರೀಲಿಪಿಯಲ್ಲಿ ಟೈಪಾದದ್ದನ್ನು ನುಡಿ ಫಾಂಟಿನಲ್ಲಿ ತೆರೆದರೆ ಅಕ್ಷರಗಳ ಚಿತ್ರಾನ್ನ. ಒಂದು ಬೈಟೂ ದಾರಿಯಲ್ಲಿ ಕಳೆದಿರುತ್ತಿರಲಿಲ್ಲ, ಕಳೆದದ್ದು ಕನ್ನಡ ಮಾತ್ರ. ಭಾರತೀಯ ಲಿಪಿಗಳಿಗೆಲ್ಲ ಸಲ್ಲುವ ಇಸ್ಕಿ ಎಂಬ ಸಂಕೇತ ವ್ಯವಸ್ಥೆಗೆ 1991ರಲ್ಲೇ ರಾಷ್ಟ್ರೀಯ ಮಾನಕದ ಮುದ್ರೆ ಬಿದ್ದಿತ್ತು, ಯೂನಿಕೋಡ್ ಕೂಡ ಅದರ ಜೋಡಣೆಯನ್ನೇ ಅನುಸರಿಸಿತು. ಆದರೂ ಅಚ್ಚಿನಮನೆಗಳು ಹಳೆಯ ಫಾಂಟುಗಳನ್ನು ಬಹುಕಾಲ ಬಿಡಲಿಲ್ಲ. ಅಂಥ ಕಡತಗಳು ನನ್ನ ಇಮೇಲಿಗೆ ಈಗಲೂ ಬರುತ್ತವೆ.

1990ರ ದಶಕದಲ್ಲಿ ಬೇಸಿಕೋಡ್ ಮರೆಗೆ ಸರಿಯಿತು. ಐಬಿಎಂ ಪಿಸಿ ಮತ್ತು ಅದರ ನಕಲುಗಳು ಉಳಿದ ಬಗೆಬಗೆಯ ಯಂತ್ರಗಳನ್ನು ಮೂಲೆಗೆ ಸರಿಸಿದವು. ಎಲ್ಲರ ಮನೆಯಲ್ಲೂ ಒಂದೇ ಯಂತ್ರವಿದ್ದರೆ ನಡುವಿನ ಭಾಷೆ ಯಾಕೆ ಬೇಕು? ಹೊಂದಾಣಿಕೆ ಬರುವುದು ಈ ಎರಡೇ ದಾರಿಯಲ್ಲಿ: ಒಬ್ಬರ ಭಾಷೆಯನ್ನು ಎಲ್ಲರೂ ಒಪ್ಪಿಕೊಳ್ಳುವುದು, ಇಲ್ಲವೇ ಅವರವರ ಭಾಷೆ ಅವರವರಿಗಿದ್ದು ನಡುವೆ ಒಂದಿಷ್ಟನ್ನು ಸಮನಾಗಿ ಹಂಚಿಕೊಳ್ಳುವುದು. ಮೊದಲನೆಯದು ಸಲೀಸು. ಎರಡನೆಯದಕ್ಕೆ ಬರೆಯುವವರ ಸಂಯಮ ಬೇಕು, ಮತ್ತು ಪ್ರತಿ ಮನೆಯಲ್ಲೂ ಆ ಸಾವಿರದ ಕೆಳಗಿನ ಸಾಲುಗಳನ್ನು ಕೂತು ಬರೆಯುವ ಒಬ್ಬರಾದರೂ ಬೇಕು. ಹೊರನಾಡಿನಲ್ಲಿದ್ದುಕೊಂಡು ಕನ್ನಡದಲ್ಲಿ ಓದುವ ನಮಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.